ಗಡಿಯ ಗುಗ್ಗಿಲಗಳು

ಪಾಲಕೊಂಡ
9 ಜುಲೈ 1996

ಡಾ. ಕೊಮ್ಮೂರಿ ಇಂದುಮತಿ ಅವರಿಗೆ, ಅರಣ್ಯ ವಿಜ್ಞಾನಿ,
ಮಂಡ್ಲಾ, ಮಧ್ಯಪ್ರದೇಶ.

ಈ ವರ್ಷ ಮಾರ್ಚ್ ಇಪ್ಪತ್ತೆರಡರ ಶುಕ್ರವಾರ ನೀವು ಜಲುಕೊಂಡಗೂಡದ ಗುಗ್ಗಿಲ ತೋಪಿಗೆ ಅನ್ಯಾಯ ಮಾಡಿದಿರಿ. ಬೆಳಿಗ್ಗೆ ಜೀಪಿನಲ್ಲಿ ಹತ್ತಿದಿರಿ, ಊಟದ ಹೊತ್ತಿಗೆ ಇಳಿದು ಹೋದಿರಿ. ನಡುವೆ ಕಂಡಷ್ಟನ್ನೇ ನಂಬಿ, ‘ಮುದಿ ಮರಗಳು, ಕೆಳಗೆ ಒಂದೂ ಮರಿಗಿಡವಿಲ್ಲ, ಈ ಜಾತಿ ಇಲ್ಲಿ ತಾನಾಗಿಯೇ ಮುಗಿಯುತ್ತಿದೆ’ ಎಂದು ಬರೆದು ಸಹಿ ಮಾಡಿದಿರಿ.

ಆ ವರದಿಯನ್ನು ನಮ್ಮ ಅರಣ್ಯ ಕಚೇರಿಯವರು ಕಳೆದ ವಾರ ಗೂಡದ, ಎಂದರೆ ಆ ಬೆಟ್ಟದ ಹಾಡಿಯ, ಸವರ ಬುಡಕಟ್ಟಿನವರನ್ನು ಸೇರಿಸಿ ಗಟ್ಟಿಯಾಗಿ ಓದಿದರು. ಓದಿದ್ದು ತೆಲುಗಿನಲ್ಲಿ, ಕೇಳಿದವರಲ್ಲಿ ಅರ್ಧ ಜನಕ್ಕೆ ಬರುವುದು ಸವರ ಭಾಷೆ. ಆದರೂ ಕೊನೆಯ ಮಾತು ಎಲ್ಲರಿಗೂ ತಿಳಿಯಿತು: ಸುಗ್ಗಿ ಮುಗಿದ ಮೇಲೆ ಮರಗಳ ಹರಾಜು, ಮುಂದಿನ ಮಳೆಗೆ ಅಲ್ಲಿ ತೇಗ. ಕಡಿಯಬೇಕಾದವು ಎಂದು ಮರಗಳಿಗೆ ಸುತ್ತಿಗೆಯ ಮುದ್ರೆಯೂ ಬಿದ್ದಾಗಿದೆ.

ನಾನು ಯಾರು ಎಂದು ಕೇಳುತ್ತೀರಿ. ಪಾಲಕೊಂಡದ ಶಾಖಾ ಗ್ರಂಥಾಲಯದಲ್ಲಿ ಜೀವಮಾನವೆಲ್ಲ ಪುಸ್ತಕ ಕೊಟ್ಟು, ಪುಸ್ತಕ ಇಸಿದುಕೊಂಡು ನಿವೃತ್ತನಾದವನು. ನೀವು ಸಾಲ ಎಂದು ಕರೆಯುವ ಮರವನ್ನು ನಾವು ಗುಗ್ಗಿಲ ಎನ್ನುತ್ತೇವೆ. ನಾನು ಓದಿ ತಿಳಿದ ಮಟ್ಟಿಗೆ ಹಿಮಾಲಯದ ಅಡಿಯಿಂದ ಹೊರಟ ಈ ಮರ ನಮ್ಮ ಬೆಟ್ಟಗಳಿಗೆ ಬಂದು ನಿಂತುಬಿಡುತ್ತದೆ. ಜಲುಕೊಂಡದಿಂದ ತೆಂಕಣಕ್ಕೆ ನಾನಂತೂ ಒಂದನ್ನೂ ಕಂಡಿಲ್ಲ. ಇಷ್ಟು ದೂರ ಬಂದು ನಿಂತ ಮರಕ್ಕೆ ನೀವು ಹೇಳಿದ್ದು ‘ಮುಗಿಯಿತು’ ಎಂದು.

ಈ ಮಾತನ್ನು ನಾನು ಮೊದಲ ಬಾರಿಗೆ ಕೇಳುತ್ತಿಲ್ಲ. 1958ರಲ್ಲಿ ರೈಲುಹಳಿಯ ದಿಮ್ಮಿಗಳಿಗೆಂದು ಅರ್ಧದಷ್ಟು ದೊಡ್ಡ ಮರಗಳನ್ನು ಕಡಿದಾಗ ಒಬ್ಬ ಸಾಹೇಬರು ‘ಹೇಗೂ ಮುಗಿಯುವ ಕಾಡು’ ಎಂದಿದ್ದರು. ಆ ದಿಮ್ಮಿಗಳನ್ನು ಗಾಡಿಯಲ್ಲಿ ಇಳಿಸಿದವರಲ್ಲಿ ನಮ್ಮಪ್ಪನೂ ಒಬ್ಬರು. 1972ರಲ್ಲಿ ಇನ್ನೊಬ್ಬರು ಕೊಡೆ ಹಿಡಿದು ಬಂದರು, ಅದೇ ಮಾತು ಬರೆದರು, ಬೆಟ್ಟದ ಕೆಳಮೈಗೆ ನೀಲಗಿರಿ ನೆಟ್ಟರು. ಎರಡು ಸಲವೂ ಮುಗಿಯದ ಕಾಡು ಮೂರನೆಯ ಸಲ ನಿಮ್ಮ ಲೇಖನಿಗೆ ಮುಗಿದುಹೋಯಿತೇ? ನೀವು ಗುಂಟೂರು ಕಡೆಯವರೆಂದು ಕೇಳಿದೆ. ಮೆಣಸಿನಕಾಯಿ ಹೊಲ ನೋಡಿ ಬೆಳೆದವರಿಗೆ ಕಾಡು ತೋರಿಸಲು ಕಳುಹಿಸಿದವರನ್ನು ಅನ್ನಬೇಕು.

ಉತ್ತರ ಬರೆಯಿರಿ. ಬರೆಯದಿದ್ದರೆ ಪತ್ರಿಕೆಗಳಿವೆ.

ಮಜ್ಜಿ ಸಿಂಹಾದ್ರಿ ನಾಯುಡು


ಮಂಡ್ಲಾ
2 ಆಗಸ್ಟ್ 1996

ಮಾನ್ಯ ಸಿಂಹಾದ್ರಿ ನಾಯುಡು ಅವರಿಗೆ,

ನಿಮ್ಮ ಪತ್ರ ತಲುಪಿತು. ಮೊದಲು ಒಂದು ತಿದ್ದುಪಡಿ: ನನ್ನ ಊರು ತೆನಾಲಿ. ಅಲ್ಲಿ ಬೆಳೆಯುವುದು ಬತ್ತ.

ನಾನು ಕಂಡದ್ದನ್ನೇ ಬರೆದೆ. ತೋಪನ್ನು ಈ ತುದಿಯಿಂದ ಆ ತುದಿಗೆ ನಡೆದಿದ್ದೇನೆ. ಪ್ರತಿಯೊಂದು ಮರದ ಬುಡದಲ್ಲಿ ಕೂತು ನೋಡಿದ್ದೇನೆ. ಗೇಣುದ್ದದ ಗಿಡವೂ ಇರಲಿಲ್ಲ. ಈ ಮರ ಎಲೆ ಉದುರಿಸುವುದೇ ಮಾರ್ಚಿನಲ್ಲಿ. ಇಲ್ಲಿ ಮಂಡ್ಲಾದಲ್ಲಿ ಆಗ ಪಾದ ಮುಳುಗುವಷ್ಟು ತರಗೆಲೆ ಇರುತ್ತದೆ. ನಿಮ್ಮಲ್ಲಿ ನೆಲ ಬೋಳಾಗಿತ್ತು. ಅಷ್ಟು ಬರಿದಾದ ಕಾಡುನೆಲವನ್ನು ನನ್ನ ಇಡೀ ಕೆಲಸದಲ್ಲಿ ಕಂಡಿಲ್ಲ. ಎಲೆಯಿಲ್ಲದ ನೆಲ ತೇವ ಹಿಡಿಯುವುದಿಲ್ಲ, ಬೀಜ ಬಿದ್ದರೂ ಮೊಳೆಯುವುದಿಲ್ಲ. ಹಾಗಾಗಿ ಆ ಮಾತು ಬರೆದೆ.

ಕಾರಣ ಕೇಳಿದರೆ ಹೇಳುವುದು ಕಷ್ಟ. ಬೆಂಕಿ ಬಿದ್ದ ಗುರುತು ಇರಲಿಲ್ಲ. ಗೂಡದಲ್ಲಿ ಆಡುಗಳು ತುಂಬಾ ಕಂಡವು. ಬಹುಶಃ ಅವೇ.

ಮರ ಕಡಿಯಿರಿ ಎಂದು ನಾನು ಬರೆದಿಲ್ಲ, ತೇಗ ನೆಡಿ ಎಂದೂ ಬರೆದಿಲ್ಲ. ಆದರೆ ಕಡಿಯಬೇಡಿ ಎಂದೂ ಬರೆಯಲಿಲ್ಲ. ನನ್ನನ್ನು ಕೇಳಿದ್ದು ಗಿಡಗಳಿವೆಯೇ ಇಲ್ಲವೇ ಎಂದಷ್ಟೆ.

ಗೂಡದವರು ನನಗೆ ಹಲಸಿನ ಹಣ್ಣು, ರಾಗಿ ಅಂಬಲಿ ಕೊಟ್ಟರು. ಅತಿ ದೊಡ್ಡ ಮರದ ಕೆಳಗೆ ಹಿಟ್ಟಿನ ರಂಗೋಲಿ ಇತ್ತು. ಏನೋ ಪೂಜೆ ನಡೆದಿದೆ ಎಂದು ತುಳಿಯದೆ ಸುತ್ತು ಹಾಕಿ ಹೋದೆ. ಅವರ ಮೇಲೆ ನನಗೆ ಯಾವ ಅಗೌರವವೂ ಇಲ್ಲ ಎಂಬುದನ್ನು ತಿಳಿಸಿ.

ಕೊಮ್ಮೂರಿ ಇಂದುಮತಿ


ಪಾಲಕೊಂಡ
20 ಆಗಸ್ಟ್ 1996

ಡಾ. ಇಂದುಮತಿ ಅವರಿಗೆ,

ಆಡು! ಕಾಡು ಹಾಳಾದರೆ ಬಡವರ ಆಡು ತಿಂದಿತು ಎನ್ನುವುದು ಬ್ರಿಟಿಷರು ಬಿಟ್ಟುಹೋದ ರೂಢಿ. ಅವರು ಹೋಗಿ ಐವತ್ತು ವರ್ಷವಾಗುತ್ತ ಬಂತು, ಆಡು ಮಾತ್ರ ಇನ್ನೂ ಅಪರಾಧಿ.

ಆ ತೋಪಿನೊಳಗೆ ಆಡು ಬಿಟ್ಟವನು ಊರಿಗೆಲ್ಲ ದಂಡದ ಊಟ ಹಾಕಬೇಕು. ಹೊಸ ಮಾವಿನಕಾಯಿಯನ್ನು ಮೊದಲು ಆ ಮರಗಳ ಕೆಳಗಿನ ಕಲ್ಲಿಗೆ ಇಡದೆ ಒಬ್ಬನೂ ಬಾಯಿಗೆ ಹಾಕುವುದಿಲ್ಲ. ಮೂವತ್ತು ವರ್ಷ ಆ ಮಾವಿನ ಹಬ್ಬಕ್ಕೆ ಹತ್ತಿದವನು ನಾನು. ನಾಲ್ಕು ವರ್ಷದಿಂದ ಮೊಣಕಾಲು ಬಿಡುತ್ತಿಲ್ಲ, ನಿಜ. ಆದರೆ ಕಳೆದ ಸಲ ಹತ್ತಿದಾಗ ಮರಿಗಿಡಗಳು ಪಂಚೆಗೆ ತೊಡರುತ್ತಿದ್ದುದು ನನ್ನ ನೆನಪಿನಲ್ಲಿದೆ. ನಾಲ್ಕು ವರ್ಷದಲ್ಲಿ ಅವೆಲ್ಲ ಎದ್ದು ನಡೆದುಹೋದವೇ?

ನನ್ನ ಅನುಮಾನ ಹೇಳುತ್ತೇನೆ. ತೇಗದ ಗುತ್ತಿಗೆದಾರರು ನಿಮ್ಮ ಬರವಿಗೆ ಮೊದಲೇ ಗಿಡಗಳನ್ನು ಕೀಳಿಸಿದ್ದಾರೆ. ರೇಂಜ್ ಆಫೀಸಿಗೆ ಹೋಗಿ ಇದನ್ನೇ ಕೇಳಿದೆ. ಅಲ್ಲಿಯ ಗುಮಾಸ್ತ ನನ್ನ ಗ್ರಂಥಾಲಯದಿಂದ ಪತ್ತೇದಾರಿ ಕಾದಂಬರಿ ಒಯ್ದು ಹಿಂತಿರುಗಿಸದವನು.

“ನಾಯ್ಡುಗಾರೂ, ನಿಮ್ಗೆ ಪುಸ್ತಕ ಜಾಸ್ತಿ ಆಯ್ತು. ನಮ್ ಫಾರೆಸ್ಟ್ ಗಾರ್ಡ್ ಬಿಟ್ರೆ ಯಾವ ನರಪಿಳ್ಳೆನೂ ಆ ಬೆಟ್ಟ ಹತ್ತಿಲ್ಲ,” ಎಂದ.

“ನೀನು ಒಯ್ದ ಪುಸ್ತಕದಲ್ಲೂ ಕೊಲೆ ಮಾಡಿದವನು ಹೀಗೇ ಅಂತಾನಲ್ಲಯ್ಯ,” ಎಂದೆ.

“ಅಯ್ಯೋ, ಕೊನೆ ಹಾಳೆ ಇನ್ನೂ ಓದಿಲ್ಲ ಸ್ವಾಮಿ, ಯಾಕೆ ಹೇಳಿಬಿಟ್ರಿ?” ಎಂದು ತಲೆ ಚಚ್ಚಿಕೊಂಡ.

ಮಳೆ ಬಿಟ್ಟ ಮೇಲೆ ಕೋಲು ಹಿಡಿದಾದರೂ ನಾನೇ ಹತ್ತುತ್ತೇನೆ. ಹತ್ತಿ ಸಾಕ್ಷಿ ತರುತ್ತೇನೆ. ಆ ಮೇಲೆ ನಿಮ್ಮ ಸಹಿಗೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಸಿಂಹಾದ್ರಿ ನಾಯುಡು


ಮಂಡ್ಲಾ
14 ನವೆಂಬರ್ 1996

ಮಾನ್ಯ ಸಿಂಹಾದ್ರಿ ಅವರಿಗೆ,

ಮಳೆ ಬಿಟ್ಟು ತಿಂಗಳುಗಳಾದವು. ನಿಮ್ಮಿಂದ ಬೈಗುಳವೂ ಇಲ್ಲ, ಸಾಕ್ಷಿಯೂ ಇಲ್ಲ. ಟಪಾಲಿನವನು ಬಂದಾಗಲೆಲ್ಲ ಪಾಲಕೊಂಡದ ಮೊಹರು ಹುಡುಕುವ ಅಭ್ಯಾಸವಾಗಿದೆ. ಆಡಿನ ಮಾತು ಅಷ್ಟು ನೋಯಿಸಿತೇ? ಹಾಗಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದು ಬರೆಯಬೇಕಿತ್ತು.

ಇಲ್ಲಿ ನನಗೂ ಕೆಲಸ ಹೆಚ್ಚಾಗಿದೆ. ಏನೆಂದು ಈಗ ಬರೆಯಲಾರೆ.

ಬೆಟ್ಟ ಹತ್ತುವಾಗ ಬಿದ್ದು ಗಿದ್ದು ಮಾಡಿಕೊಂಡಿಲ್ಲ ತಾನೆ? ಒಂದು ಸಾಲು ಬರೆದರೂ ಸಾಕು.

ಇಂದುಮತಿ


ಪಾಲಕೊಂಡ
29 ನವೆಂಬರ್ 1996

ಅಮ್ಮಾ ಇಂದುಮತಿ,

ಬಿದ್ದಿಲ್ಲ. ಸೆಪ್ಟೆಂಬರ್ ಕೊನೆಯಲ್ಲೇ ಹತ್ತಿದೆ. ಹತ್ತಿ ಕೇಳಿದ್ದನ್ನು ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಸುಮ್ಮನಿದ್ದೆ. ನೀನು ಆಡಿನ ಮಾತು ಹಿಂದಕ್ಕೆ ತೆಗೆದುಕೊಂಡೆ ಎಂದು ಬರೆದ ಮೇಲೆ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು. ಆದರೆ ಇದು ನಿನಗೆ ಮಾತ್ರ. ಕಚೇರಿಗೆ ಹೋಗಕೂಡದು.

ತೋಪಿನವರೆಗೆ ಹೋಗಲು ಮೊಣಕಾಲು ಬಿಡಲಿಲ್ಲ; ನಾನು ಹೋಗಿ ಕುಳಿತದ್ದು ಗೂಡದಲ್ಲೇ, ಸವರ ಸುಕ್ಕಮ್ಮನ ಜಗುಲಿಯಲ್ಲಿ. ನಿನಗೆ ಹಲಸಿನ ಹಣ್ಣು ಕೊಟ್ಟವಳು ಅವಳೇ. ಗೂಡದ ಹೆಂಗಸರು ಅವಳ ಮಾತು ಮೀರುವುದಿಲ್ಲ; ಗಂಡಸರು ಮೀರಿದಂತೆ ನಟಿಸುತ್ತಾರೆ. ‘ಗುತ್ತಿಗೆದಾರರ ಕಡೆಯವರು ಯಾರಾದರೂ ಬಂದು ಗಿಡ ಕಿತ್ತರೇ’ ಎಂದು ಕೇಳಿದೆ.

“ಯಾರೂ ಬಂದಿಲ್ಲ ಬಾಬು. ನಾವೇ ಮಾಡಿದ್ದು,” ಎಂದಳು, ಹೆಮ್ಮೆಯಿಂದ.

“ಏನು ಮಾಡಿದ್ದು?”

“ಆಫೀಸರಮ್ಮ ಭಾಳ ದೂರದಿಂದ ಬರ್ತಾವ್ಳೆ, ತೋಪು ನೋಡ್ತಾಳೆ ಅಂತ ಗಾರ್ಡು ಬಂದು ಹೇಳ್ದ. ಬರೋಳು ಹೆಣ್ಮಗಳು. ಅಷ್ಟು ತರಗೆಲೆ ಬಿದ್ದೈತೆ, ಒಳಗೆ ಹಾವಿದ್ರೆ ಏನ್ ಗತಿ? ಊರಿಗೆಲ್ಲ ಕೂಗಿದೆ. ಎಲ್ಲ ಪೊರಕೆ ತಗೊಂಡು ಹೋದ್ವಿ. ಎಲೆ ಬಾಚಿ ಹಳ್ಳದ ಆಕಡೆ ಹಾಕಿದ್ವಿ.”

“ಗಿಡಗಳು ಸುಕ್ಕಮ್ಮ, ಗಿಡಗಳು?”

“ಅವೇ ಮೊದ್ಲು! ಮೊಣಕಾಲಿಗೆ ತಾಗ್ತಿದ್ವು. ಅವಳು ಸೀರೆ ಉಟ್ಕೊಂಡು ಬಂದ್ರೆ ಹರಿಯಾಕಿಲ್ವಾ? ಎಲ್ಲಾ ನೆಲಕ್ಕೆ ಸಮ ಸವರಿ ಹಾಕಿದ್ವಿ, ಕಾಲಿಗೆ ಚುಚ್ಚದಂಗೆ ಮೇಲೆ ಮಣ್ಣು ಎಳೆದ್ವಿ. ದೊಡ್ಡ ಮರದಡಿ ಸಗಣಿ ಸಾರ್ಸಿ ಹಿಟ್ಟಲ್ಲಿ ರಂಗೋಲಿ ಬಿಟ್ಟೆ, ಕೆಳಗಿನ ಊರ್ನೋರು ನೆಂಟ್ರಿಗೆ ಹಾಕ್ತಾರಲ್ಲ ಹಂಗೆ. ಆದ್ರೆ ಆ ತಾಯಿ ಪ್ಯಾಂಟ್ ಹಾಕ್ಕೊಂಡು ಬಂದ್ಳು. ರಂಗೋಲಿ ಕಡೆ ತಿರುಗೂ ನೋಡ್ಲಿಲ್ಲ, ಪಕ್ಕದಲ್ಲೇ ಹೋಗ್ಬಿಟ್ಳು. ಸಿಟ್ಟೇನೋ ಅಂದ್ಕೊಂಡ್ವಿ. ಅದಕ್ಕೇ ಮರ ಕಡೀರಿ ಅಂತ ಬರ್ದಿರ್ಬೇಕು, ಅಲ್ವಾ ಬಾಬು?”

ಅಮ್ಮಾ, ಎಲ್ಲರಿಗೂ ಎಲ್ಲದಕ್ಕೂ ಎದುರುತ್ತರ ಕೊಟ್ಟು ಬದುಕಿದವನು ನಾನು. ಅಂದು ಅವಳು ಕೊಟ್ಟ ಅಂಬಲಿ ಕುಡಿದು, ಕೋಲು ಊರಿಕೊಂಡು ಇಳಿದು ಬಂದೆ. ಆ ಗೂಡದಲ್ಲಿ ಅತಿಥಿಯೆಂದರೆ ಹಾಗೆ. ಮನೆಗೆ ಬಂದವರಿಗೆ ಜಗುಲಿ ಗುಡಿಸುತ್ತಾರೆ. ಕಾಡಿಗೆ ಬಂದವಳಿಗೆ ಕಾಡು ಗುಡಿಸಿದರು.

ಮಾಮೂಲಿ ದಿನಗಳಲ್ಲಿ ಅಲ್ಲಿ ಪೊರಕೆ ಆಡಿಸುವುದಿಲ್ಲ. ಹಬ್ಬಕ್ಕೂ ಕಲ್ಲಿನ ಸುತ್ತ ಒಂದು ಚಾಪೆಯಷ್ಟು ಜಾಗ ಮಾತ್ರ. ಇದನ್ನು ಕಚೇರಿಯವರು ಕೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ‘ಸವರರು ತಮ್ಮ ಕಾಡಿನ ಗಿಡಗಳನ್ನು ತಾವೇ ಕಡಿದರು’ ಎಂದು ಜಿಲ್ಲೆಯೆಲ್ಲ ನಗುತ್ತಾರೆ. ಆ ನಗೆಯನ್ನೇ ಕಡತದಲ್ಲಿಟ್ಟು ತೋಪನ್ನು ಕೈಯಿಂದ ಕಿತ್ತುಕೊಳ್ಳುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಹರಾಜು ಫೆಬ್ರವರಿಯಲ್ಲಿ ಎಂದು ಗೋಡೆಗೆ ಅಂಟಿಸಿದ್ದಾರೆ. ಒಂದು ಮಾತು ಹೇಳು. ಆ ಗಿಡಗಳು ಸತ್ತೇಹೋದವೇ?

ಸಿಂಹಾದ್ರಿ


ಮಂಡ್ಲಾ
15 ಡಿಸೆಂಬರ್ 1996

ಸಿಂಹಾದ್ರಿ ಚಿಕ್ಕಪ್ಪನವರಿಗೆ,

ಹೀಗೆ ಕರೆಯಬಹುದೇ? ನೀವು ನನ್ನನ್ನು ‘ಅಮ್ಮಾ’ ಎಂದು ಕರೆದು ಏಕವಚನಕ್ಕಿಳಿದ ಮೇಲೆ ನಾನು ‘ಮಾನ್ಯ’ ಎನ್ನುತ್ತ ಕೂತರೆ ಚೆನ್ನಾಗಿರದು.

ನಿಮ್ಮ ಪತ್ರವನ್ನು ಕಚೇರಿಯಲ್ಲೇ ಓದಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವರು ಊರಿಂದ ಕೆಟ್ಟ ಸುದ್ದಿಯೋ ಎಂದು ಕೇಳಿದರು. ಆಮೇಲೆ ನಗು ನಿಂತಿತು. ಯಾರೋ ನನಗಾಗಿ ಒಂದಿಡೀ ಕಾಡನ್ನು ಗುಡಿಸಿದರು, ನಾನು ಅದನ್ನು ‘ಬರಿದಾದ ನೆಲ’ ಎಂದು ಬರೆದೆ. ರಂಗೋಲಿ ನನಗೇ ಹಾಕಿದ್ದು. ನಾನು ಅದನ್ನು ಬಳಸಿಕೊಂಡು ಹೋದೆ.

ಈಗ ಕೇಳಿ. ಸುಕ್ಕಮ್ಮ ‘ಸವರಿ ಹಾಕಿದ್ವಿ’ ಎಂದರೆ ಕುಡುಗೋಲಿನಿಂದಲೋ, ಬೇರುಸಹಿತ ಕಿತ್ತೋ? ಇದನ್ನು ದಯವಿಟ್ಟು ಖಚಿತವಾಗಿ ಕೇಳಿ ಬರೆಯಿರಿ. ಎಲ್ಲವೂ ಇದರ ಮೇಲೆ ನಿಂತಿದೆ. ಈ ಮರದ ಗಿಡಕ್ಕೆ ಒಂದು ವಿಚಿತ್ರ ಗುಣವಿದೆ. ಬೇಸಗೆ ಬಂದರೆ ಅದರ ಮೇಲಿನ ಕಡ್ಡಿ ತಾನೇ ಒಣಗಿ ಸಾಯುತ್ತದೆ. ಮಳೆಗೆ ಮತ್ತೆ ಚಿಗುರುತ್ತದೆ, ಮತ್ತೆ ಒಣಗುತ್ತದೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ನೋಡಿದವರು ಗಿಡ ಏಳುತ್ತಿಲ್ಲ ಎಂದುಕೊಳ್ಳುತ್ತಾರೆ. ಅಷ್ಟೂ ವರ್ಷ ಅದು ನೆಲದೊಳಗೆ ಬೇರು ದಪ್ಪ ಮಾಡಿಕೊಳ್ಳುತ್ತಿರುತ್ತದೆ. ಬೇರು ಸಾಕಷ್ಟು ಬಲಿತ ವರ್ಷ ಒಂದೇ ಸಲಕ್ಕೆ ಮೇಲೇಳುತ್ತದೆ. ನಿಮ್ಮ ಪಂಚೆಗೆ ತೊಡರಿದ ಗಿಡಗಳಿಗೆ ನೆಲದಡಿಯಲ್ಲಿ ತೋಳಿನಷ್ಟು ಬೇರು ಇದ್ದಿರಲಿಕ್ಕೆ ಸಾಕು. ಕುಡುಗೋಲು ಅದಕ್ಕೆ ಇನ್ನೊಂದು ಬೇಸಗೆ, ಅಷ್ಟೆ.

ಇನ್ನು ನಾನು ಬರೆಯಲಾರೆ ಎಂದಿದ್ದ ವಿಷಯ. ಇಲ್ಲಿ ಕಾಂಡ ಕೊರೆಯುವ ಹುಳು ಬಿದ್ದಿದೆ, ಚಿಕ್ಕಪ್ಪ. ಇದು ಈ ಮರದ ತವರು. ದಿನವಿಡೀ ನಡೆದರೂ ಬೇರೆ ಮರ ಸಿಗದಂಥ ಕಾಡು. ಈಗ ಬುಡದಲ್ಲೆಲ್ಲ ಹಿಟ್ಟಿನಂತೆ ಮರದ ಪುಡಿ ರಾಶಿ ಬೀಳುತ್ತಿದೆ. ಹುಳು ಹತ್ತಿದ ಮರಗಳಿಗೆ ಗುರುತು ಹಾಕುವುದು ನನ್ನ ಕೆಲಸ; ಗುರುತು ಬಿದ್ದದ್ದನ್ನು ಕಡಿಯುತ್ತಾರೆ. ಹೊರಗೆ ಮಾತಾಡಬೇಡಿ ಎಂದು ಮೇಲಿನವರ ಅಪ್ಪಣೆ. ನಿಮ್ಮ ಮೊದಲ ಪತ್ರ ಬಂದಾಗಲೇ ಇದು ಶುರುವಾಗಿತ್ತು. ನಡುವಿನ ಕಾಡೇ ಸಾಯತೊಡಗಿದ ವರ್ಷ ತುದಿಯ ತೋಪನ್ನು ‘ಮುಗಿಯುವ ಕಾಡು’ ಎಂದು ಬರೆದು ಬಂದಿದ್ದೆ.

ತುದಿಯಲ್ಲಿ ನಿಂತ ಮರಗಳು ದುರ್ಬಲ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ನಿಮ್ಮ ಬೆಟ್ಟದ ಬಿಸಿಲಿಗೆ, ನಿಮ್ಮ ತಡವಾದ ಮಳೆಗೆ ತಲೆಮಾರುಗಟ್ಟಲೆ ಒಗ್ಗಿಕೊಂಡು ಬಂದವು ಅವು. ಅಲ್ಲಿ ನಿಲ್ಲಲಾರದವು ಎಂದೋ ಹೋದವು. ಉಳಿದವು ಏನನ್ನು ತಾಳಬಲ್ಲವು ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಮೊದಲೇ ಕಡಿದುಬಿಟ್ಟರೆ ಆಮೇಲೆ ಕೇಳಲು ಮರವೇ ಇರುವುದಿಲ್ಲ.

ವರದಿಯನ್ನು ತಿದ್ದಿ ಕಳುಹಿಸಲು ನಾನು ಸಿದ್ಧ. ಆದರೆ ಅಂದು ಗಿಡ ಯಾಕೆ ಕಾಣಲಿಲ್ಲ ಎಂದು ಕೇಳಿದರೆ ಪೊರಕೆಯ ಕಥೆ ಹೇಳದೆ ಬೇರೆ ದಾರಿಯಿಲ್ಲ. ಗೂಡದವರು ಬೇಡವೆಂದರೆ ಬರೆಯುವುದಿಲ್ಲ. ಕೇಳಿ ನೋಡುತ್ತೀರಾ?

ಇಂದುಮತಿ


ಪಾಲಕೊಂಡ
19 ಜನವರಿ 1997

ಅಮ್ಮಾ ಇಂದುಮತಿ,

ಚಿಕ್ಕಪ್ಪನೆಂದೇ ಕರೆ. ನನ್ನ ಅಣ್ಣನಿಗೆ ಮಕ್ಕಳಿಲ್ಲ, ಆ ಹೆಸರಿಗೆ ಪೈಪೋಟಿ ಇಲ್ಲ.

ಸಂಕ್ರಾಂತಿ ಮುಗಿಸಿಕೊಂಡು ಬೆಟ್ಟ ಹತ್ತಿದೆ. ಮೊದಲು ನಿನ್ನ ಪ್ರಶ್ನೆಗೆ ಉತ್ತರ: ಕುಡುಗೋಲು. “ಕೀಳೋಕ್ ಹೋದ್ರೆ ಬರ್ತಾವಾ ಅವು? ಸೊಂಟ ಹೋಗತ್ತೆ,” ಎಂದಳು ಸುಕ್ಕಮ್ಮ.

ಆಮೇಲೆ ಎಲ್ಲರನ್ನೂ ಕೂಡಿಸಿ ನೀನು ಬರೆದದ್ದನ್ನು ಹೇಳಿದೆ. ಗಿಡಗಳಿಲ್ಲವೆಂದು ತೋಪು ಹೋಗುತ್ತಿದೆ, ಗಿಡಗಳು ಹೋದದ್ದು ಪೊರಕೆ ಕುಡುಗೋಲಿನಿಂದ, ಇದನ್ನು ಬರೆದರೆ ತೋಪು ಉಳಿಯಬಹುದು, ಆದರೆ ಜನ ನಗಬಹುದು ಎಂದೆ. ಸುಕ್ಕಮ್ಮನ ಮುಖ ನೋಡಲಾಗಲಿಲ್ಲ ನನಗೆ. ಕರೆದು ಕೂಗಿದವಳು ಅವಳೇ ತಾನೆ.

ಮೊದಲು ಬಾಯಿ ಬಿಟ್ಟವಳೂ ಅವಳೇ. “ಹಂಗಾರೆ ನಾನೇ ಮರಕ್ಕೆ ಕೊಡ್ಲಿ ಇಟ್ನಾ?”

ಊರ ಪೂಜಾರಿ ಸವರ ಜಮ್ಮಯ್ಯ ಅವಳ ಮೈದುನ. ಅವನು ಚುಟ್ಟ ಬಾಯಿಂದ ತೆಗೆದು, “ಅತ್ತಿಗೆ, ನಿನ್ ಕೊಡ್ಲಿ ಅಷ್ಟು ಹರಿತ ಇದ್ದಿದ್ರೆ ನಮ್ ಅಣ್ಣ ಯಾವತ್ತೋ ಹೋಗಿರ್ತಿದ್ದ,” ಎಂದ.

ಎಲ್ಲ ನಕ್ಕರು. ಅವಳೂ ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು.

“ಬರೀಲಿ ಬಿಡಿ ಬಾಬು,” ಎಂದ ಜಮ್ಮಯ್ಯ. “ನಾವೇನು ಕದಿಯೋಕೆ ಗುಡಿಸಿದ್ವಾ? ನೆಂಟರು ಬರ್ತಾರೆ ಅಂತ ಗುಡಿಸಿದ್ವಿ. ನಗೋರು ನಗ್ಲಿ. ಅವರ ಮನೆಗೆ ನೆಂಟ್ರು ಬಂದ್ರೆ ಕಸ ಹಂಗೇ ಬಿಡ್ತಾರಾ?”

ಹಿಂದಿನಿಂದ ಒಬ್ಬ ಮುದುಕ, “ಗುಡಿಸ್ಬ್ಯಾಡಿ ಅಂತ ಮೊದ್ಲೇ ಹೇಳಿ ಕಳ್ಸಿದ್ರೆ ಆಗ್ತಿತ್ತಪ್ಪ. ಯಾರ್ ಕೇಳಿದ್ರು ನಮ್ಮನ್ನ?” ಎಂದ.

ಅಮ್ಮಾ, ಇದನ್ನೇ ನಾನು ಮೂವತ್ತೆಂಟು ವರ್ಷದಿಂದ ಕೇಳುತ್ತಿರುವುದು. 58ರಲ್ಲಿ ಯಾರು ಕೇಳಿದರು? 72ರಲ್ಲಿ ಯಾರು ಕೇಳಿದರು? ಬಂದವರು ಮರದ ಕಡೆ ತಲೆಯೆತ್ತಿ ನೋಡಿದರು, ನೆಲದ ಕಡೆ ತಲೆ ಬಗ್ಗಿಸಿ ನೋಡಿದರು. ಎದುರಿಗೆ ನಿಂತವರ ಮುಖ ನೋಡಿ ‘ಇಲ್ಲಿ ಗಿಡ ಏಳುತ್ತದೆಯೇನಮ್ಮ’ ಎಂದು ಒಂದು ಮಾತು ಕೇಳಲಿಲ್ಲ. ನೀನೂ ಕೇಳಲಿಲ್ಲ. ಹಲಸು ತಿಂದು ಹೋದೆ.

ಸುಕ್ಕಮ್ಮನ ಎರಡು ಷರತ್ತು. ಒಂದು, ನೀನು ಮತ್ತೆ ಬರಬೇಕು. ಎರಡು, ಹೋದ ಸಲ ಅವಳು ಕೊಟ್ಟ ಹಲಸಿನ ತೊಳೆಗಳಲ್ಲಿ ಅರ್ಧ ಬಿಟ್ಟಿದ್ದೆಯಂತೆ. ಈ ಸಲ ಎಲೆಯಲ್ಲಿ ಏನೂ ಉಳಿಸಬಾರದು.

ಬೇಗ ಬರೆ. ಹರಾಜು ಮುಂದಿನ ತಿಂಗಳು.

ಚಿಕ್ಕಪ್ಪ ಸಿಂಹಾದ್ರಿ


ಮಂಡ್ಲಾ
8 ಮೇ 1997

ಚಿಕ್ಕಪ್ಪನವರಿಗೆ,

ಜ್ವರ ಬಿಟ್ಟಿತೇ? ನಾನು ಪೊರಕೆಯ ಕಥೆ ಬರೆದು ಕಳುಹಿಸಿದ ಮೇಲೆ ಹರಾಜು ನಿಂತದ್ದಕ್ಕೆ ನಿಮ್ಮ ಕಾರ್ಡಿನಲ್ಲಿ ಇದ್ದದ್ದು ‘ನಿಲ್ಲಿಸಿದರು, ಬಾ’ ಎಂಬ ಎರಡೇ ಮಾತು. ಕಳೆದ ತಿಂಗಳು ನಾನು ಬಂದಾಗ ನೀವು ಕಂಬಳಿ ಹೊದ್ದು ಮಲಗಿದ್ದಿರಿ. ನೆಟ್ಟಗೆ ಮಾತಾಡಲೂ ಆಗಲಿಲ್ಲ. ಚಿಕ್ಕಮ್ಮ ನಿಮ್ಮ ಬಾಯಿಗೆ ಕಷಾಯ ಹಾಕಿ ಮುಚ್ಚಿಸಿದರು. ಹಾಗಾಗಿ ಬೆಟ್ಟದ ಮೇಲೆ ಆದದ್ದನ್ನು ಬರೆಯುತ್ತಿದ್ದೇನೆ.

ಈ ಸಲ ಸೀರೆ ಉಟ್ಟುಕೊಂಡು ಹೋಗಿದ್ದೆ. ಸುಕ್ಕಮ್ಮ ನೋಡಿ, “ಅಯ್ಯೋ, ಈಗ ಉಟ್ಟೆಯಾ?” ಎಂದು ಹಣೆ ಬಡಿದುಕೊಂಡಳು. ತೋಪಿನ ಬಾಯಲ್ಲಿ ಊರೆಲ್ಲ ಕೈಕಟ್ಟಿ ನಿಂತಿತ್ತು, ಒಂದು ಎಲೆಯನ್ನೂ ಮುಟ್ಟಿಲ್ಲವೆಂದು ತೋರಿಸಲು. ಒಳಗೆ ಕಾಲಿಟ್ಟ ತಕ್ಷಣ ತರಗೆಲೆಯ ಮೇಲೆ ಜಾರಿ ಕೂತುಬಿಟ್ಟೆ. ಜಮ್ಮಯ್ಯ ಎಬ್ಬಿಸಲು ಓಡಿ ಬಂದ. ನಾನು ಏಳಲಿಲ್ಲ. ಕೂತಲ್ಲೇ ನನ್ನ ಮಂಡಿಯ ಪಕ್ಕ ಚಿಗುರು ಇತ್ತು, ಚಿಕ್ಕಪ್ಪ. ಎಳೆಯ ಕೆಂಪು ಎಲೆ, ಎರಡು, ನಾಲ್ಕು. ಅದರಾಚೆ ಇನ್ನೊಂದು. ಕುಡುಗೋಲಿನ ಹಳೆಯ ಗಾಯದ ಪಕ್ಕದಿಂದಲೇ ಎದ್ದಿತ್ತು. ಸುತ್ತ ನೋಡಿದರೆ ಎಲ್ಲ ಕಡೆಯೂ ಅದೇ ಕೆಂಪು.

ಒಂದರ ಬುಡ ಕೆದಕಿದೆ. ಬೇರು ನನ್ನ ಮಣಿಕಟ್ಟಿಗಿಂತ ದಪ್ಪ. ಸುಕ್ಕಮ್ಮನನ್ನು ಕರೆದು ತೋರಿಸಿದೆ. ಅವಳು ಮುಟ್ಟಿ ನೋಡಿ, “ನಾನ್ ಏನೂ ಮಾಡಿಲ್ಲ ಹಂಗಾರೆ,” ಎಂದಳು. ‘ಇಲ್ಲಮ್ಮ, ಏನೂ ಮಾಡಿಲ್ಲ’ ಎಂದೆ. ಅವಳು ಜಮ್ಮಯ್ಯನ ಕಡೆ ತಿರುಗಿ, “ಕೇಳಿದ್ಯಾ? ಆಫೀಸರೇ ಹೇಳವ್ಳೆ. ಇನ್ನೊಂದ್ಸಲ ಕೊಡ್ಲಿ ಗಿಡ್ಲಿ ಅಂದ್ಯೋ, ನೋಡ್ಕೋ,” ಎಂದಳು. ಮಣ್ಣು ಮತ್ತೆ ಮುಚ್ಚಿದ್ದೂ ಅವಳೇ.

ಹಲಸನ್ನು ಪೂರ್ತಿ ತಿಂದೆ. ರೈಲಿನಲ್ಲಿ ಅನುಭವಿಸಿದೆ.

ಅಲ್ಲಿ ಇನ್ನೊಂದನ್ನು ಕೇಳಿ ತಿಳಿದೆ, ಈ ಸಲ ಬಾಯಿಬಿಟ್ಟು ಕೇಳಿಯೇ. ನಮ್ಮಲ್ಲಿ ಬೀಜ ಬೀಳುವುದು ಜೂನಿನಲ್ಲಿ. ನಿಮ್ಮ ಬೆಟ್ಟದಲ್ಲಿ ಅದಕ್ಕೆ ಎಷ್ಟೋ ಮೊದಲೇ, ಮಾವಿನ ಹಬ್ಬದ ಹಿಂದೆಮುಂದೆಯೇ ಬೀಳುತ್ತದಂತೆ. ಈ ಬೀಜದ ಜೀವ ಹೆಚ್ಚೆಂದರೆ ಒಂದು ವಾರ. ಇಲ್ಲಿನ ಲೆಕ್ಕ ಹಿಡಿದು ಜೂನಿನಲ್ಲಿ ಬಂದವರಿಗೆ ಅಲ್ಲಿ ಸತ್ತ ಬೀಜವೇ ಸಿಗುತ್ತದೆ. ‘ಬೀಜವೂ ಇಲ್ಲ’ ಎಂದು ಇನ್ನೊಬ್ಬರು ಬರೆಯಬಹುದಿತ್ತು.

ಇಲ್ಲಿ ಹುಳು ಇನ್ನೂ ನಿಂತಿಲ್ಲ. ಈಗ ಪತ್ರಿಕೆಗಳಲ್ಲೇ ಬರುತ್ತಿದೆ, ಮುಚ್ಚಿಡುವುದೇನೂ ಉಳಿದಿಲ್ಲ. ಪ್ರತಿದಿನ ಗುರುತು ಹಾಕಿ ಬರುತ್ತೇನೆ. ಆದರೂ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತಿದೆ. ಕಣ್ಣು ಮುಚ್ಚಿದರೆ ಆ ಕೆಂಪು ಚಿಗುರು.

ಒಂದೇ ಕೊರಗು. ನಿಮ್ಮ ಅಧಿಕಾರಿಗಳನ್ನು ಕಂಡು, ತಿದ್ದಿದ ವರದಿಯನ್ನು ಕೈಯಲ್ಲೇ ಕೊಟ್ಟು ಬಂದೆ. ತುಂಬ ಮರ್ಯಾದೆಯಿಂದ ಕೂರಿಸಿದರು. “ಸದ್ಯಕ್ಕೆ ಬಿಟ್ಟಿದ್ದೇವಲ್ಲ ಮೇಡಂ, ಇನ್ನೇನು ಬೇಕು? ಕಾಗದ ಗೀಗದ ಯಾಕೆ,” ಎಂದರು. ಹಳೆಯ ಆದೇಶವನ್ನು ರದ್ದು ಮಾಡಿಲ್ಲ. ಮರಗಳ ಮೇಲೆ ಸುತ್ತಿಗೆಯ ಮುದ್ರೆ ಹಾಗೇ ಇದೆ. ಇದು ನಿಮ್ಮ ಕೆಲಸ, ಚಿಕ್ಕಪ್ಪ. ನನಗೆ ಜಗಳವಾಡಲು ಬರುವುದಿಲ್ಲ.

ಇಂದುಮತಿ


ಪಾಲಕೊಂಡ
12 ಜೂನ್ 1997

ಅಮ್ಮಾ ಇಂದುಮತಿ,

ಜ್ವರ ಬಿಟ್ಟಿತು, ಜಗಳ ಬಿಟ್ಟಿಲ್ಲ. ಮೊನ್ನೆ ಬೆಟ್ಟ ಹತ್ತಿ ಬಂದೆ. ಮಳೆ ಹಿಡಿದಿದೆ. ಗಿಡಗಳು ಮತ್ತೆ ಪಂಚೆಗೆ ತೊಡರಿದವು. ಒಂದು ಕಡೆ ಹರಿಯಿತು ಕೂಡ. ನಿನ್ನ ಚಿಕ್ಕಮ್ಮ ಹೊಲಿಯುತ್ತ ಬೈದಳು. ಇಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಕೆಳಗಿನದು ನಾಳೆ ಜಿಲ್ಲಾ ಅರಣ್ಯಾಧಿಕಾರಿಗಳಿಗೂ ಪತ್ರಿಕೆಗಳಿಗೂ ಹೋಗುತ್ತದೆ. ಗೂಡದಲ್ಲಿ ಓದಿ ಹೇಳಿದೆ; ಹೆಬ್ಬೆಟ್ಟು ಒತ್ತುವವರು ಒತ್ತಿದ್ದಾರೆ, ಸಹಿ ಮಾಡುವವರು ಮಾಡಿದ್ದಾರೆ. ನಿನ್ನ ಸಹಿಗೆ ಜಾಗ ಬಿಟ್ಟಿಲ್ಲ. ನೀನು ಸರ್ಕಾರದ ಕೆಲಸದಲ್ಲಿರುವವಳು, ನಿನ್ನ ಪಾಲಿನದನ್ನು ಮಾಡಿದ್ದೀಯೆ.

‘ಸ್ವಾಮಿ,

ಜಲುಕೊಂಡಗೂಡದ ಗುಗ್ಗಿಲ ತೋಪು ಮುಗಿದಿದೆ ಎಂದು ನಿಮ್ಮ ಕಚೇರಿ 1958ರಲ್ಲಿ, 1972ರಲ್ಲಿ, 1996ರಲ್ಲಿ ಬರೆಯಿತು. ಮೂರು ಸಲವೂ ತಪ್ಪಾಯಿತು. ಮೂರನೆಯ ಸಲ ಬರೆದವರು ತಾವೇ ಮರಳಿ ಬಂದು, ನೆಲದಲ್ಲಿ ಕೂತು ನೋಡಿ, ತಪ್ಪೆಂದು ಬರೆದು ಕೊಟ್ಟಿದ್ದಾರೆ. ಅಂಥವರು ಒಬ್ಬರಾದರೂ ಸಿಕ್ಕಿದ್ದಕ್ಕೆ ಈ ಊರು ತೃಪ್ತಿಯಿಂದಿದೆ. ಆದರೆ ನಿಮ್ಮ ಆದೇಶ ಹಾಗೇ ಇದೆ. ಬಾಯಿಮಾತಿನಲ್ಲಿ ನಿಂತ ಹರಾಜು ಇನ್ನೊಬ್ಬ ಅಧಿಕಾರಿಯ ಬಾಯಿಮಾತಿನಲ್ಲಿ ಮತ್ತೆ ಶುರುವಾಗುತ್ತದೆ. ನೀವು ವರ್ಗವಾಗಿ ಹೋಗುತ್ತೀರಿ, ಮರಗಳಿಗೆ ವರ್ಗವಿಲ್ಲ.

ಆದ್ದರಿಂದ ಕೇಳುತ್ತಿದ್ದೇವೆ. ಮರ ಕಡಿಯುವ ಆದೇಶವನ್ನು ಯಾಕೆ ಇನ್ನೂ ರದ್ದು ಮಾಡಿಲ್ಲ? ಮೂರು ಸಲವೂ ಈ ಕಾಡಿನ ಬಗ್ಗೆ ಬರೆಯುವ ಮೊದಲು ಅದರೊಳಗೆ ಬದುಕುವವರನ್ನು ಒಂದು ಮಾತು ಯಾಕೆ ಕೇಳಲಿಲ್ಲ? ಕೇಳಬೇಡಿ ಎಂದು ಯಾವ ಕಾನೂನಿನಲ್ಲಿದೆ?

ಉತ್ತರವನ್ನು ನನ್ನ ವಿಳಾಸಕ್ಕೆ ಕಳುಹಿಸಬೇಡಿ. ಅದು ನನ್ನೊಬ್ಬನಿಗೆ ಬರಬೇಕಾದದ್ದಲ್ಲ. ಈ ತಿಂಗಳು ಮುಗಿಯುವುದರೊಳಗೆ ನೀವೇ ಜಲುಕೊಂಡಗೂಡಕ್ಕೆ ಬನ್ನಿ. ಸವರ ಭಾಷೆ ಬಲ್ಲವರನ್ನು ಜೊತೆಗೆ ಕರೆತನ್ನಿ. ಊರೆಲ್ಲ ಸೇರಿದ ಮೇಲೆ, ಕಟ್ಟಕಡೆಯಲ್ಲಿ ಕುಳಿತವರಿಗೂ ಕೇಳುವಂತೆ, ಆ ಉತ್ತರವನ್ನು ನಿಂತು ಹೇಳಿ.’